ಬಸ್ಸು ನೋಡಲು ಬಂದ ಬೀಗರು

ಕಮಲಾಪುರದ ಬಸ್ ನಿಲ್ದಾಣದ ಎದುರಿಗೆ ಚಂದ್ರಶಾನ ಚಹಾದಂಗಡಿ ಇದೆ. ಮೇಲೆ ತಗಡು, ಮುಂದೆ ಎರಡು ಬೆಂಚು, ಒಳಗೆ ಅವನ ಹೆಂಡತಿ ಸಾವಿತ್ರಿಬಾಯಿ ಮಿರ್ಚಿ ಕರಿಯುವ ಸದ್ದು. ಬೋರ್ಡು ಇಲ್ಲ. ಹಾಕಿದರೆ ಚಹಾದಂಗಡಿ ಎಂದು ಬರೆಸಬೇಕೋ, ಸಾರಿಗೆ ನಿಯಂತ್ರಣ ಕಚೇರಿ ಎಂದು ಬರೆಸಬೇಕೋ ಎಂಬುದು ನನಗೂ ತಿಳಿಯದು. ಏಕೆಂದರೆ ಬೆಳಗಿನ ಕಲಬುರಗಿ ಬಸ್ಸು ಹಲವು ವರ್ಷ ಹೊರಡುತ್ತಿದ್ದದ್ದು ಇಲಾಖೆಯ ವೇಳಾಪಟ್ಟಿಯ ಪ್ರಕಾರವಲ್ಲ, ಈ ಚಂದ್ರಶಾನ ಚಹಾದ ಪ್ರಕಾರ.

ಅದು ಹೇಗೆಂದು ಹೇಳುತ್ತೇನೆ. ಆ ಬಸ್ಸು ರಾತ್ರಿ ಕಮಲಾಪುರದಲ್ಲೇ ನಿಂತು ಬೆಳಿಗ್ಗೆ ಇಲ್ಲಿಂದಲೇ ಹೊರಡುತ್ತದೆ. ಹೊರಡುವ ಮೊದಲು ಡ್ರೈವರ್ ಖಾಜಾ ಚಂದ್ರಶಾನ ಅಂಗಡಿಗೆ ಬಂದು ಚಹಾ ಕುಡಿಯಬೇಕು. ದಿನಾ ಬರುವ ಮಂದಿಯೆಲ್ಲ ಬಂದು ಕುಳಿತಿದ್ದರೆ ಖಾಜಾನಿಗೆ ಕಪ್ಪು, ಬಶಿ ಎರಡೂ ಸಿಗುತ್ತವೆ. ಬಶಿಗೆ ಸುರುವಿಕೊಂಡು ಸೊರ್ ಎಂದು ಹೀರಿದರೆ ಮುಗಿಯಿತು, ಬಸ್ಸು ಹೊರಟಿತು. ಬರುವವರು ಯಾರಾದರೂ ಇನ್ನೂ ಬಂದಿರದಿದ್ದರೆ ಬಶಿ ಬರುವುದಿಲ್ಲ. ಸ್ಟೀಲ್ ಗ್ಲಾಸಿನಲ್ಲಿ ಕಂಠಮಟ್ಟ ತುಂಬಿದ, ಒಲೆಯಿಂದ ಆಗಷ್ಟೇ ಇಳಿದ ಚಹಾ ಬರುತ್ತದೆ. ಹಿಡಿಯಲೂ ಆಗದು, ಇಡಲೂ ಆಗದು. ಖಾಜಾ ಗ್ಲಾಸಿಗೆ ಕರವಸ್ತ್ರ ಸುತ್ತಿಕೊಂಡು, ಊದುತ್ತ, ಊದುತ್ತ, ರಸ್ತೆಯ ಕಡೆ ನೋಡುತ್ತ ಕೂಡುತ್ತಾನೆ. ಗ್ಲಾಸು ಖಾಲಿಯಾಗುವಷ್ಟರಲ್ಲಿ ಬರಬೇಕಾದವರು ಬಂದಿರುತ್ತಾರೆ. ಬಶಿ ಎಲ್ಲಿ ಎಂದು ಖಾಜಾ ಒಮ್ಮೆಯೂ ಕೇಳಿದ್ದಿಲ್ಲ, ಚಂದ್ರಶಾ ಹೇಳಿದ್ದೂ ಇಲ್ಲ.

ಹೀಗೆ ಗ್ಲಾಸಿನ ಚಹಾ ಬರುವ ದಿನಗಳಲ್ಲಿ ಬಹುಪಾಲು ಅನ್ನಮ್ಮನವು. ಅನ್ನಮ್ಮ ಊರಾಚೆಯ ಹೊಲಗಳ ನಡುವಿನ ವಸ್ತಿಯಲ್ಲಿ ಇರುವವಳು. ಗಂಡ ತೀರಿಕೊಂಡಿದ್ದಾನೆ, ಇಬ್ಬರು ಹೆಣ್ಣುಮಕ್ಕಳು ಓದುತ್ತಿದ್ದಾರೆ, ಒಂದು ಮೊಣಕಾಲು ಸರಿಯಿಲ್ಲ. ಕೆಲಸ ನಂದೂರಿನ ದಾಲ್ ಮಿಲ್ಲಿನಲ್ಲಿ, ಬೇಳೆ ಹಸನು ಮಾಡುವುದು. ಕಲಬುರಗಿಗೆ ಹೋಗಿ ಅಲ್ಲಿಂದ ಸಿಟಿ ಬಸ್ಸು ಹಿಡಿದು ಮಿಲ್ಲಿನ ಗೇಟು ಹಾಕುವ ಮೊದಲು ಒಳಗಿರಬೇಕು. ವಸ್ತಿಯ ನಳಕ್ಕೆ ನೀರು ಬರುವುದು ಬೆಳಿಗ್ಗೆಯೇ, ಅದೂ ತನಗೆ ಮನಸ್ಸು ಬಂದ ದಿನ. ನೀರು ಹಿಡಿದ ದಿನ ಅನ್ನಮ್ಮ ತಡ. ಈ ಬಸ್ಸು ಬಿಟ್ಟರೆ ಹುಮನಾಬಾದಿನ ಕಡೆಯಿಂದ ಬರುವ ಬಸ್ಸುಗಳು ಉಂಟು. ಅವು ಬೀದರಿನಿಂದಲೇ ತುಂಬಿಕೊಂಡು ಬಂದು ಕಮಲಾಪುರ ಎಂಬ ಊರು ಇರುವುದನ್ನೇ ಮರೆತು ಹೋಗಿಬಿಡುತ್ತವೆ.

ನಾನೂ ಆ ಬಸ್ಸಿನ ಗಿರಾಕಿಯೇ. ಕುಸನೂರಿನ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ನಮ್ಮಲ್ಲಿ ಹೆಬ್ಬೆಟ್ಟು ಒತ್ತುವ ಮಷಿನ್ ಇದೆ, ಅದಕ್ಕೆ ಅನ್ನಮ್ಮನ ನಳದ ಸುದ್ದಿ ಗೊತ್ತಿಲ್ಲ. ಎಷ್ಟೋ ಸಲ ಬಸ್ಸಿನಿಂದ ಇಳಿದು ಚಂದ್ರಶಾನ ಜತೆ ಜಗಳಾಡಿದ್ದೇನೆ. ಒಬ್ಬಳ ಸಲುವಾಗಿ ಒಂದು ಬಸ್ಸು ಜನ ಕಾಯುವುದು ಯಾವ ನ್ಯಾಯ ಎಂದು ಕೇಳಿದ್ದೇನೆ. ಅವನದು ಒಂದೇ ಉತ್ತರ.

"ನಿಮ್ಮ ಹೆಬ್ಬಟ್ಟ ಎಲ್ಲಿಗೂ ಹೋಗಂಗಿಲ್ರೀ ಅಕ್ಕೋರ. ಆಕಿ ಕೆಲಸ ಹೋಗ್ತದ."

ಗಣಿತದವಳಿಗೆ ಇಂಥ ಉತ್ತರ ಕೊಟ್ಟರೆ ಸಿಟ್ಟು ಬರದೆ ಇನ್ನೇನಾಗುತ್ತದೆ? ಆದರೆ ಮಿರ್ಚಿ ಬಿಸಿ ಇರುತ್ತಿತ್ತು. ಜಗಳ ಅಲ್ಲಿಗೇ ನಿಲ್ಲುತ್ತಿತ್ತು.

ಚಂದ್ರಶಾನಿಗೆ ಚಹಾ ಹೊಟ್ಟೆಪಾಡು, ಅಷ್ಟೇ. ಅವನ ನಿಜವಾದ ವಿದ್ಯೆ ಲಗ್ನ ಕೂಡಿಸುವುದು. ಕಮಲಾಪುರದ ಅರ್ಧ ಸೊಸೆಯರು ಅವನ ಮಾತಿನಿಂದ ಈ ಊರಿಗೆ ಬಂದವರು, ಅವರಲ್ಲಿ ಕೆಲವರು ಇಂದಿಗೂ ಅವನಿಗೆ ಮುಖ ಕೊಟ್ಟು ಮಾತಾಡುವುದಿಲ್ಲ. ಯಾರದೇ ಮನೆಗೆ ಕನ್ಯಾ ನೋಡಲು ಬೀಗರು ಬರುತ್ತಾರೆಂದರೆ ಚಂದ್ರಶಾನಿಗೆ ಕರೆ ಹೋಗಬೇಕು. ಅವನು ಬಂದವನೇ ಮೊದಲು ಮನೆ ತೆರವು ಮಾಡಿಸುತ್ತಾನೆ. ದೊಡ್ಡ ದನಿಯ ಕಾಕಾ, ಕೇಳದಿದ್ದರೂ ಹೇಳುವ ಅತ್ತೆ, ಕೆಮ್ಮುವ ಮುತ್ಯಾ, ಅಳುವ ಕೂಸುಗಳು, ಎಲ್ಲರನ್ನೂ ಪಕ್ಕದ ಮನೆಗೆ ಸಾಗಿಸಿ ಅವರ ಪಾಲಿನ ಉಪ್ಪಿಟ್ಟು, ಚಹಾ ಅಲ್ಲಿಗೇ ಕಳಿಸುತ್ತಾನೆ. ಬೀಗರು ಬಂದಾಗ ಪಡಸಾಲೆ ತೆರವಾಗಿ, ಗುಡಿಸಿ, ಸಾರಿಸಿ, ನಾಲ್ಕು ಜನ ಮರ್ಯಾದಸ್ಥರು ಮಾತ್ರ ಕಾಣಬೇಕು. ಇದನ್ನು ನಮ್ಮ ಕಡೆ ಯಾರೂ ಮೋಸ ಎನ್ನುವುದಿಲ್ಲ. ಬಂದವರಿಗೆ ಕೊಡುವ ಮರ್ಯಾದೆ ಎನ್ನುತ್ತಾರೆ. ಸಾಗಹಾಕಿಸಿಕೊಂಡ ಕಾಕಾನೂ ಬೇಸರ ಮಾಡಿಕೊಳ್ಳುವುದಿಲ್ಲ, ನಾಳೆ ಅವನ ಮಗಳಿಗೂ ಬೀಗರು ಬರುವವರೇ.

ಹಿಂದಿನ ವರ್ಷ ಹಿಂಗಾರಿನ ಹೊತ್ತಿಗೆ ವಿವೇಕಾನಂದ ಎಂಬ ಹುಡುಗ ಬಂದ. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಬಟ್ಟೆ ವ್ಯಾಪಾರಿಯೊಬ್ಬರ ಮಗ, ಎಂಜಿನಿಯರಿಂಗ್ ಮುಗಿಸಿ, ಬಸ್ಸುಗಳ ಸೇವೆ ಅಳೆಯುವ ಗುತ್ತಿಗೆ ಹಿಡಿದಿದ್ದ ಒಂದು ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದ್ದ. ಕೈಯಲ್ಲಿ ಟ್ಯಾಬು, ಕೊರಳಲ್ಲಿ ಗುರುತಿನ ಚೀಟಿ, ಮಾತಿನಲ್ಲಿ ಬಹಳ ವಿನಯ. ಸಂಜೆ ಬಂದು ಬಸ್ಸು ನೋಡಿ ಹೋಗುವಾಗ ಚಹಾಕ್ಕೆ ನಿಂತ. ಚಂದ್ರಶಾ ಏನು ಅಳೆಯುತ್ತೀರಿ ಎಂದು ಕೇಳಿದ. ಬಸ್ಸು ಹೊತ್ತಿಗೆ ಸರಿಯಾಗಿ ಹೊರಡುತ್ತದೆಯೇ, ಸ್ವಚ್ಛವಾಗಿದೆಯೇ, ಹತ್ತಿದವರಿಗೆ ಸೀಟು ಸಿಗುತ್ತದೆಯೇ ಎಂದೆಲ್ಲ ವಿವೇಕಾನಂದ ಬೆರಳು ಮಡಿಚಿದ. ಕೊನೆಗೆ ಇದೆಲ್ಲ ಸೇರಿ ದಕ್ಷತೆ ಒಂದು, ಪರಿಣಾಮ ಒಂದು, ಎರಡಕ್ಕೂ ಅಂಕ ಕೊಡುತ್ತೇವೆ ಎಂದ. ಎರಡಕ್ಕೂ ಏನು ವ್ಯತ್ಯಾಸ ಎಂದು ಚಂದ್ರಶಾ ಬಿಡಲಿಲ್ಲ.

"ದಕ್ಷತೆ ಅಂದ್ರ ಕಮ್ಮಿ ಖರ್ಚಿನಾಗ ಬಸ್ ಬರೋಬರ್ ಓಡಬೇಕ್ರೀ," ಎಂದ ವಿವೇಕಾನಂದ. "ಪರಿಣಾಮ ಅಂದ್ರ, ಓಡಿದ್ದು ಮಂದಿಗಿ ಉಪಯೋಗ ಆಗಬೇಕು."

ಮುಂದಿನ ವಾರ ಕೆಲವು ದಿನ ಬೆಳಗಿನ ಬಸ್ಸಿನಲ್ಲಿ ತಾನೇ ಬಂದು ನೋಡುತ್ತೇನೆ, ಅಂಕ ಕಮ್ಮಿ ಬಿದ್ದ ಬಸ್ಸುಗಳನ್ನು ತೆಗೆಯುವ ವಿಚಾರ ಮೇಲಿನವರಿಗೆ ಇದೆ ಎಂದೂ ಹೇಳಿ ಹೋದ. ಅವನು ಹೇಳಿದ್ದು ಒಳ್ಳೆಯ ಮನಸ್ಸಿನಿಂದಲೇ. ಆದರೆ ನೋಡಲು ಬರುತ್ತೇನೆ ಎಂಬ ಮಾತನ್ನು ಯಾರ ಮುಂದೆ ಆಡುತ್ತಿದ್ದೇನೆ ಎಂದು ಅವನಿಗೆ ತಿಳಿದಿರಲಿಲ್ಲ.

ಚಂದ್ರಶಾ ಆ ವಾರ ನಿದ್ದೆ ಮಾಡಿದನೋ ಇಲ್ಲವೋ. ಖಾಜಾನನ್ನು ಕೂಡಿಸಿಕೊಂಡು ಬಸ್ಸು ತೊಳೆಸಿದ. ಗಡಗಡ ಎನ್ನುವ ಕಿಟಕಿಗಳಿಗೆ ಸೈಕಲ್ ಟ್ಯೂಬಿನ ತುಂಡು ತುರುಕಿದ. ಸಾವಿತ್ರಿಬಾಯಿ ಒಳಗೆಲ್ಲ ಲೋಬಾನದ ಹೊಗೆ ಹಾಕಿದಳು. ಸ್ಟೇರಿಂಗಿಗೆ ಚೆಂಡುಹೂವಿನ ಸರ ಬಂತು. ಕೊನೆಗೆ, ತನ್ನ ವಿದ್ಯೆಯ ಮುಖ್ಯ ಭಾಗಕ್ಕೆ ಕೈ ಹಾಕಿದ. ಬೆಳಗಿನ ಬಸ್ಸಿನ ಮಂದಿಯನ್ನೆಲ್ಲ ಮನೆಮನೆಗೆ ಹೋಗಿ ಕಂಡು, ಈ ಕೆಲವು ದಿನ ನೀವು ಬಸ್ಸು ಹತ್ತಬೇಡಿ, ಜೀಪಿಗೋ ಟಂಟಂ ಆಟೋಗೋ ಹೋಗಿರಿ, ಸಾಹೇಬರು ಆರಾಮ ಕೂತು ನೋಡಲಿ ಎಂದು ಕೈ ಮುಗಿದ. ಕೆಂಪು ಬಾಳೆಹಣ್ಣಿನ ಬುಟ್ಟಿಯವರು, ಜೋಳದ ಚೀಲದವರು, ಕಾಲೇಜಿನ ಹುಡುಗಿಯರು, ಕೋರ್ಟು ಕಚೇರಿಗೆ ಹೋಗುವವರು, ಎಲ್ಲರಿಗೂ ಇದೇ ಮಾತು. ದಾರಿಯಲ್ಲಿ ಹತ್ತುವ ಮಹಾಗಾಂವ ಕ್ರಾಸಿನವರಿಗೂ ಫೋನು ಹೋಯಿತು. ಬಸ್ಸು ಉಳಿಯಬೇಕಾದರೆ ನಾಲ್ಕು ದಿನ ಬಿಡಬೇಕು ಎಂದರೆ ಯಾರು ಇಲ್ಲವೆನ್ನುತ್ತಾರೆ?

ಆಗಲೇ ಹೆಂಗಸರಿಗೆ ಬಸ್ಸು ಪುಕ್ಕಟೆ ಆಗಿತ್ತು. ಪುಕ್ಕಟೆ ಬಸ್ಸಿನ ಮರ್ಯಾದೆ ಉಳಿಸಲು ನಮ್ಮೂರ ಹೆಂಗಸರು ರೊಕ್ಕ ಕೊಟ್ಟು ಟಂಟಂನಲ್ಲಿ ಜೋತಾಡಿಕೊಂಡು ಹೋದರು. ಅನ್ನಮ್ಮನನ್ನಂತೂ ಚಂದ್ರಶಾ ಆ ನಾಲ್ಕು ದಿನ ಟಂಟಂನವನಿಗೆ ಕೈ ಮುಗಿದು, ಮುಂದೆ ಕೂಡಿಸಿ, ಎಲ್ಲರಿಗಿಂತ ಮೊದಲು ಕಳಿಸುತ್ತಿದ್ದ. ತಡ ಮಾಡುವವಳು, ಬೀಗರ ಕಣ್ಣಿಗೆ ಬಿದ್ದರೆ ಕೆಲಸ ಕೆಟ್ಟೀತು ಎಂಬ ಅಂಜಿಕೆ.

ನನ್ನಂಥ ಕೆಲವರನ್ನು ಮಾತ್ರ ಹತ್ತಲು ಬಿಟ್ಟರು. ನಾಲ್ಕು ಜನ ಮರ್ಯಾದಸ್ಥರ ಪೈಕಿ ನಾನೂ ಒಬ್ಬಳಾಗಿದ್ದೆ. ಇಸ್ತ್ರಿ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕೂತೆ. ಖಾಜಾನಿಗೆ ದಿನಾ ಬಶಿಯಲ್ಲಿ ಚಹಾ. ಬಸ್ಸು ಗಡಿಯಾರ ನೋಡಿ ಹೊರಟಿತು, ಗಡಿಯಾರ ನೋಡಿ ಮುಟ್ಟಿತು. ವಿವೇಕಾನಂದ ಲೋಬಾನದ ವಾಸನೆಯಲ್ಲಿ ಒಂದಿಡೀ ಸೀಟಿನ ಮೇಲೆ ಒಬ್ಬನೇ ಕೂತು ಟ್ಯಾಬಿನಲ್ಲಿ ಬರೆದುಕೊಂಡ. ಇಳಿಯುವಾಗ ಇಂಥ ಬಸ್ಸು ತಾನು ನೋಡಿಯೇ ಇಲ್ಲ ಎಂದ. ಚಂದ್ರಶಾ ಅದನ್ನು ಕೇಳಿ ಊರಿಗೆಲ್ಲ ಪೇಢೆ ಹಂಚಲಿಲ್ಲ, ಅಷ್ಟೇ.

ಮುಂದಿನ ತಿಂಗಳು ಬಸ್ಸು ನಿಂತಿತು.

ವರದಿಯಲ್ಲಿ ಸಮಯಪಾಲನೆಗೆ ಪೂರ್ತಿ ಅಂಕ, ಸ್ವಚ್ಛತೆಗೆ ಪೂರ್ತಿ ಅಂಕ, ಸೀಟು ಸಿಗುವುದಕ್ಕಂತೂ ಕೇಳುವುದೇ ಬೇಡ. ಒಟ್ಟಿನಲ್ಲಿ ಇದು ಉತ್ತಮ ಸೇವೆ, ಆದರೆ ಇದರ ಅಗತ್ಯ ಯಾರಿಗೂ ಇದ್ದಂತಿಲ್ಲ ಎಂದು ತೀರ್ಮಾನವಾಗಿತ್ತು. ಟಿಕೆಟ್ ಮಷಿನ್‌ನಲ್ಲಿ ವರ್ಷವಿಡೀ ಹತ್ತಿದವರ ಲೆಕ್ಕ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಅದು ಬೇರೆ ವಿಭಾಗದ್ದು. ಅಳೆಯುವವರಿಗೆ ಕಣ್ಣಾರೆ ಕಂಡದ್ದನ್ನೇ ಬರೆಯಬೇಕು ಎಂಬ ಆದೇಶವಿತ್ತು. ಪ್ರಾಮಾಣಿಕ ಹುಡುಗ, ಕಂಡದ್ದನ್ನೇ ಬರೆದಿದ್ದ.

ಊರಿನವರು ಚಂದ್ರಶಾನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರ ಆಗುತ್ತಿತ್ತು. ಎಲ್ಲರೂ ಟಂಟಂಗಳಲ್ಲಿ, ಜೀಪುಗಳಲ್ಲಿ ಹೇಗೋ ಹೊಂದಿಸಿಕೊಂಡರು. ಅನ್ನಮ್ಮನಿಗೆ ಹೊಂದಲಿಲ್ಲ. ಕಾಲು ನೋವಿನವಳನ್ನು ಟಂಟಂನವರು ಹಿಂದಿನ ಹಲಗೆಯ ಮೇಲೆ ಕೂಡಿಸಲು ಒಪ್ಪರು, ಮುಂದೆ ಕೂಡಿಸಲು ಜಾಗವಿಲ್ಲ. ನಂದೂರಿನ ಗೇಟು ಅವಳ ಎದುರಿಗೇ ಹಾಕಿಕೊಂಡಿತು, ಒಂದು ಸಲ ಅಲ್ಲ. ಬಸ್ಸು ಬಂದ ಮೇಲೆ ಬಾರವ್ವ ಎಂದು ಮಿಲ್ಲಿನ ಕೂಲಿಯವರ ಮೇಲಿನ ಮುಕಾದಮ ಅವಳನ್ನು ಮನೆಗೆ ಕಳಿಸಿಬಿಟ್ಟ. ಅವಳ ಜಾಗದಲ್ಲಿ ಇನ್ನೊಬ್ಬಳು ಕೂತಳು. ಅನ್ನಮ್ಮ ಮತ್ತೆ ಊರ ಹೊಲಗಳಲ್ಲಿ ಸಿಕ್ಕ ಕೂಲಿಗೆ ಹೋಗತೊಡಗಿದಳು. ಆ ಮೊಣಕಾಲಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಕಳೆ ತೆಗೆಯುವುದೆಂದರೆ ಏನು ಎಂದು ನಾನು ಹೇಳಬೇಕಿಲ್ಲ. ಸಂಜೆ ಅವಳು ಅಂಗಡಿಯ ಮುಂದೆ ಹಾದುಹೋಗುವಾಗ ಚಂದ್ರಶಾ ಒಲೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದ.

ಒಂದು ಶನಿವಾರ ಮಧ್ಯಾಹ್ನ ಅವನು ಕಲಬುರಗಿಯ ಕಚೇರಿಗೆ ಹೋಗೋಣ ಬರ್ರಿ ಎಂದು ನನ್ನನ್ನು ಕರೆದ. ನಾನು ಮಾತು ಬಲ್ಲವಳು ಎಂಬುದು ಅವನ ನಂಬಿಕೆ. ಅಲ್ಲಿ ಮಾತಾಡಿದವನು ಅವನೇ. ಅಧಿಕಾರಿ ಒಳ್ಳೆಯವರು, ಕೂಡಲು ಹೇಳಿ ವರದಿ ತೆಗೆದು ತೋರಿಸಿದರು. ನಿಮ್ಮ ಬಸ್ಸಿನ ಬಗ್ಗೆ ಒಂದೂ ದೂರಿಲ್ಲ ನೋಡಿ ಎಂದು ಹೆಮ್ಮೆಯಿಂದಲೇ ಹೇಳಿದರು.

"ಎಲ್ಲಾ ಚೊಲೋ ಅದ ಅಂತ ಬರದೀರಿ, ಕನ್ಯಾ ಬ್ಯಾಡ ಅಂದೀರಿ," ಎಂದ ಚಂದ್ರಶಾ. "ಮನ್ಯಾಗಿನ ಮಂದಿ ಪಕ್ಕದ ಮನ್ಯಾಗ ಕುಂತಿದ್ರು ಸಾಹೇಬ್ರ. ನಾನೇ ಕುಂದ್ರಿಸಿದ್ದೆ. ತಪ್ಪು ನಂದದ, ಸಜಾ ಆಕಿಗ್ಯಾಕ?"

ಯಾವ ಕನ್ಯಾ, ಯಾವ ಆಕಿ ಎಂದು ಅಧಿಕಾರಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ನಾನು ಬಿಡಿಸಿ ಹೇಳಿದೆ. ಅವರು ನಗಲಿಲ್ಲ ಎಂಬುದನ್ನು ಅವರ ಪರವಾಗಿ ಹೇಳಬೇಕು. ಬಸ್ಸಿನಲ್ಲಿ ಇದ್ದವರನ್ನು ಅಳೆಯಬಹುದು, ಇಲ್ಲದವರನ್ನು ಅಳೆಯಲು ತಮ್ಮಲ್ಲಿ ಕಾಲಮ್ಮೇ ಇಲ್ಲ ಎಂದರು. ಆದರೆ ಊರಿನವರ ಸಹಿ ಹಾಕಿಸಿ ಅರ್ಜಿ ಕೊಟ್ಟರೆ ಬಸ್ಸನ್ನು ಕೆಲವು ದಿನ ಓಡಿಸಿ ಇನ್ನೊಮ್ಮೆ ಅಳೆಸುವುದಾಗಿ ಒಪ್ಪಿದರು. ಜತೆಗೆ ಒಂದು ಮಾತು ಸೇರಿಸಿದರು. ಈ ಸಲ ನೀವು ದಯವಿಟ್ಟು ಏನೂ ಮಾಡಬೇಡಿ.

ಏನೂ ಮಾಡದೆ ಇರುವುದು ಚಂದ್ರಶಾನ ಜೀವಮಾನದ ಅತಿ ಕಷ್ಟದ ಕೆಲಸ. ಅರ್ಜಿಯ ಮೇಲೆ ಬಸ್ಸು ಮತ್ತೆ ಶುರುವಾಗಿ, ವಿವೇಕಾನಂದ ಅಳೆಯಲು ಬಂದ ಬೆಳಿಗ್ಗೆ ಚಂದ್ರಶಾನ ಕೈ ಪೊರಕೆಯ ಕಡೆ ಹೋಗುತ್ತಿತ್ತು, ಸಾವಿತ್ರಿಬಾಯಿ ಕಸಿದು ಒಳಗಿಡುತ್ತಿದ್ದಳು. ಬಸ್ಸು ಇದ್ದಂತೆಯೇ ಇತ್ತು. ಮಂದಿ ಇದ್ದಂತೆಯೇ ಬಂದರು. ಬಾಳೆಹಣ್ಣಿನ ಬುಟ್ಟಿಗಳು, ಚೀಲಗಳು, ಸೀಟಿಗೆ ಕರವಸ್ತ್ರ ಎಸೆದು ಜಗಳಾಡುವವರು, ಕಿಟಕಿಯಿಂದ ಒಳಗೆ ತೂರಿಸಿದ ಕೂಸುಗಳು. ನಮ್ಮ ಮರ್ಯಾದಸ್ಥರ ಮುಂದಿನ ಸೀಟು ನನಗೆ ಸಿಗಲಿಲ್ಲ. ವಿವೇಕಾನಂದ ಬಾಗಿಲ ಬಳಿ, ಯಾರದೋ ಬುಟ್ಟಿಯ ಅಡಿಯಲ್ಲಿ ಒಂದು ಕಾಲು ಸಿಕ್ಕಿಸಿಕೊಂಡು ನಿಂತ. ಆದರೂ ಅವನ ಮುಖದಲ್ಲಿ ಸಂತೋಷವಿತ್ತು, ಬರೆಯಲು ಬೇಕಾದಷ್ಟು ಸಿಕ್ಕಿತ್ತು.

ಬಸ್ಸು ತುಂಬಿತು. ಅನ್ನಮ್ಮ ಬಂದಿರಲಿಲ್ಲ. ಬಸ್ಸು ಬಂತಲ್ಲ ಎಂದು ಮುಕಾದಮ ಅವಳನ್ನು ಆ ದಿನವೇ ಬರಹೇಳಿದ್ದ. ಇನ್ನೊಮ್ಮೆ ಗೇಟಿನ ಹೊರಗೆ ಕಂಡರೆ ಮತ್ತೆ ಕೇಳಬೇಡ ಎಂದೂ ಹೇಳಿದ್ದ. ನಳಕ್ಕೆ ಮನಸ್ಸು ಬಂದದ್ದೂ ಅದೇ ದಿನ. ಖಾಜಾ ಅಂಗಡಿಯಲ್ಲಿ ಕೂತಿದ್ದ. ಚಂದ್ರಶಾ ಬಸ್ಸಿನ ಬಾಗಿಲಲ್ಲಿ ನಿಂತಿದ್ದ ಟ್ಯಾಬನ್ನು ನೋಡಿದ, ವಸ್ತಿಯ ದಾರಿ ನೋಡಿದ, ಆಮೇಲೆ ಸ್ಟೀಲ್ ಗ್ಲಾಸು ತುಂಬಿ ಕೊಟ್ಟ. ಖಾಜಾ ಊದತೊಡಗಿದ.

ಅನ್ನಮ್ಮ ಕುಂಟುತ್ತ ಬಂದಾಗ ಬಾಗಿಲಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವಳ ಕೈ ಹಿಡಿದು ಮೇಲಕ್ಕೆ ಎಳೆದುಕೊಂಡವನು ವಿವೇಕಾನಂದನೇ. ತಾನು ಒಂದು ಮೆಟ್ಟಿಲು ಕೆಳಗಿಳಿದು ಅವಳನ್ನು ಒಳಗೆ ದಾಟಿಸಿದ. ಆಮೇಲೆ ಅದೇ ಕೈಯಿಂದ, ಬಸ್ಸು ಚಹಾದಂಗಡಿಯ ಮುಂದೆ ಕಾರಣವಿಲ್ಲದೆ ನಿಂತು ತಡವಾಯಿತು ಎಂದು ಬರೆದುಕೊಂಡ. ಅವನ ಪಕ್ಕದಲ್ಲೇ ನಾನು ಒತ್ತಿಕೊಂಡು ನಿಂತಿದ್ದೆ, ಓದಿದೆ. ಆ ಕಾರಣ ನಮ್ಮಿಬ್ಬರ ನಡುವೆಯೇ ನಿಂತು, ಬುತ್ತಿಯ ಚೀಲ ಎದೆಗವಚಿಕೊಂಡು ಏದುಸಿರು ಬಿಡುತ್ತಿತ್ತು. ನನಗೆ ಆಗ ಬಂದ ಸಿಟ್ಟು ಅಷ್ಟಿಷ್ಟಲ್ಲ, ಆದರೆ ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಇಷ್ಟು ವರ್ಷ ಆ ವಾಕ್ಯವನ್ನು ನಾನೂ ಬಾಯಿಂದ ಹೇಳುತ್ತಿದ್ದವಳೇ.

ಬಸ್ಸು ಉಳಿಯಿತು. ಈ ಮಾರ್ಗಕ್ಕೆ ಜನರಿಂದ ಅಪಾರ ಬೇಡಿಕೆ ಇದೆ, ಕಾಯಂ ಮಾಡಬಹುದು ಎಂದು ವರದಿ ಬಂತು. ಒಂದೇ ಕೊರತೆ, ಹೊರಡುವ ಸ್ಥಳದಲ್ಲಿ ಅನಗತ್ಯ ವಿಳಂಬ. ಅದಕ್ಕೂ ಪರಿಹಾರ ಸಿಕ್ಕಿತು. ಬಸ್ಸಿಗೆ ಒಂದು ಯಂತ್ರ ಕೂಡಿಸಿದರು. ಬಸ್ಸು ಎಲ್ಲಿ ನಿಂತಿದೆ, ಯಾವಾಗ ಹೊರಟಿತು ಎಂಬುದು ಕಲಬುರಗಿಯ ಕಚೇರಿಯಲ್ಲಿ ಕೂತವರಿಗೆ ಕಾಣುತ್ತದೆ. ತಡವಾದರೆ ಖಾಜಾನಿಗೆ ನೋಟಿಸು. ಅವನಿಗೂ ಮಕ್ಕಳಿದ್ದಾರೆ. ಚಂದ್ರಶಾ ಎಂಥ ಚಹಾ ಕೊಟ್ಟರೂ ಅದನ್ನು ಹಾಗೇ ಬಿಟ್ಟು ಹೋಗಬೇಕಾಯಿತು.

ಮೊದಲ ಸಲ ಹಾಗೆ ಬಿಟ್ಟು ಹೋದ ದಿನ ಚಂದ್ರಶಾ ಮುಖ ತೊಳೆದ ಹಾಗೆ ಬೆವತಿದ್ದ. ಇಡೀ ಊರಿಗೆ ಬಸ್ಸು ತಂದುಕೊಟ್ಟೆ, ಯಾರ ಸಲುವಾಗಿ ತಂದೆನೋ ಅವಳೊಬ್ಬಳಿಗೇ ಇನ್ನು ಇಲ್ಲವಾಗುತ್ತದೆ ಎಂದು ಸಾವಿತ್ರಿಬಾಯಿಯ ಮುಂದೆ ಅತ್ತನಂತೆ. ಅವನು ಅತ್ತದ್ದನ್ನು ಅವಳು ಊರಿಗೆಲ್ಲ ಹೇಳಿದ್ದಾಳೆ, ಅದರಲ್ಲಿ ಮುಚ್ಚಿಡುವುದೇನಿಲ್ಲ. ಪುಣ್ಯಕ್ಕೆ ಆ ದಿನ ಗ್ಲಾಸು ತುಂಬಿದ್ದು ಬೇರೊಬ್ಬರ ಸಲುವಾಗಿ, ನಳಕ್ಕೆ ನೀರು ಬಂದಿರಲಿಲ್ಲ. ಅನ್ನಮ್ಮ ಹೊತ್ತಿಗೆ ಸರಿಯಾಗಿ ಬಂದು ಸೀಟಿನಲ್ಲಿ ಕೂತಿದ್ದಳು. ಆದರೆ ಎಷ್ಟು ದಿನ?

ಮರುದಿನವೇ ಚಂದ್ರಶಾ ತನ್ನ ಹೆಂಡತಿಯ ತಮ್ಮನ ಹಳೇ ಮೊಪೆಡ್ ತಂದ. ಬೆಳಗಿನ ವ್ಯಾಪಾರ ಜೋರಿರುವ ಹೊತ್ತು, ಬೆಂಚು ತುಂಬ ಗಿರಾಕಿ, ಎಲ್ಲ ಸಾವಿತ್ರಿಬಾಯಿಯ ತಲೆಗೆ ಹಾಕಿ ಅವನು ವಸ್ತಿಯ ದಾರಿ ಹಿಡಿಯುತ್ತಾನೆ. ಅಲ್ಲಿ ಅನ್ನಮ್ಮನ ಕೊಡಗಳನ್ನು ತಾನೇ ಒಳಗೆ ಹೊತ್ತಿಟ್ಟು, ಅವಳನ್ನು ಹಿಂದೆ ಕೂಡಿಸಿಕೊಂಡು, ತಗ್ಗುದಿನ್ನೆಯ ದಾರಿಯಲ್ಲಿ ಜೀವ ಕೈಯಲ್ಲಿ ಹಿಡಿದು ಬರುತ್ತಾನೆ. ಎರಡು ಸಲ ಬಿದ್ದಿದ್ದಾನೆ, ಒಬ್ಬನೇ ಇದ್ದಾಗ. ನಡುವಯಸ್ಸು ದಾಟಿದವನು, ಚಹಾ ಮಾರಿಕೊಂಡು ಸುಮ್ಮನಿರಬಾರದೇ ಎಂದು ನಾನು ಒಮ್ಮೆ ಹೇಳಿದೆ. ಅವನು ನನ್ನ ಕಡೆ ನೋಡಿದ ರೀತಿಗೆ ಎರಡನೇ ಸಲ ಹೇಳಲಿಲ್ಲ.

ಈ ವರ್ಷ ಕಮಲಾಪುರದ ಬೆಳಗಿನ ಬಸ್ಸು ಸಮಯಪಾಲನೆಯಲ್ಲಿ ವಿಭಾಗಕ್ಕೇ ಮೊದಲು ಬಂತು. ಸೀಟುಗಳೂ ತುಂಬಿ ಹೋಗುತ್ತವೆ. ದಕ್ಷತೆಗೂ ಅಂಕ, ಪರಿಣಾಮಕ್ಕೂ ಅಂಕ. ಯಂತ್ರ ಕೂಡಿಸಿದ್ದರಿಂದ ಸಾಧ್ಯವಾದ ಸುಧಾರಣೆ ಎಂದು ಡಿಪೋದಲ್ಲಿ ಚೌಕಟ್ಟು ಹಾಕಿದ ಪ್ರಶಸ್ತಿಪತ್ರ ತೂಗುಹಾಕಿದ್ದಾರೆ. ವಿವೇಕಾನಂದನಿಗೆ ಬಡ್ತಿಯಾಯಿತು, ಅವನಿಗೆ ಕನ್ಯಾ ನೋಡುವುದು ನಡೆದಿದೆ ಎಂದು ಕೇಳಿದ್ದೇನೆ. ಒಳ್ಳೆಯ ಮನೆ ಸಿಗಲಿ.

ನಿನ್ನೆ ನೀರಿನ ದಿನ. ಬಸ್ಸಿನ ಎಂಜಿನ್ ಆಗಲೇ ಶುರುವಾಗಿತ್ತು. ನಾನೂ ಕಿಟಕಿಯಿಂದ ಕತ್ತು ಹೊರಗೆ ಹಾಕಿ ವಸ್ತಿಯ ದಾರಿ ನೋಡುತ್ತಿದ್ದೆ, ಹೆಬ್ಬೆಟ್ಟಿನ ಸಲುವಾಗಿ ಅಲ್ಲ. ಖಾಜಾ ಗೇರು ಹಾಕುವಷ್ಟರಲ್ಲಿ ಮೊಪೆಡ್ ಧೂಳೆಬ್ಬಿಸಿಕೊಂಡು ಬಂತು. ಚಂದ್ರಶಾನ ಅಂಗಿ ನೀರಿನಿಂದ ತೊಯ್ದು, ಮೊಣಕೈ ತರಚಿ ಹೋಗಿತ್ತು. ಅನ್ನಮ್ಮ ಇಳಿದು, ಬಸ್ಸಿನ ಸರಳು ಹಿಡಿದು ಮೇಲೆ ಹತ್ತಿ, ಬಾಗಿಲಲ್ಲಿ ತಿರುಗಿ ನಿಂತಳು.

"ನಾಳಿಗಿ ಜರಾ ಲಗೂ ಬಾ ಅಣ್ಣ," ಎಂದಳು. "ದಿನಾ ನಿನ್ನ ಸಲುವಾಗಿ ಬಸ್ ನಿಂದ್ರತದೇನು?"

ಚಂದ್ರಶಾ ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿ, ಬರ್ತೀನವ್ವ ಎಂದ. ಖಾಜಾ ಹಾರ್ನ್ ಹೊಡೆದು ಬಸ್ಸು ಬಿಟ್ಟ.